ಪೊಟೋಮ್ಯಾಕ್ ತೀರದ ಹಳೆಯ ಕಾಲುವೆ

ವಾಷಿಂಗ್ಟನ್ನಿಗೆ ಹೋದವರು ನೋಡಿ ಬರುವುದು ಸಾಮಾನ್ಯವಾಗಿ ಬಿಳಿಯ ಕಟ್ಟಡಗಳನ್ನು. ಅಧ್ಯಕ್ಷರ ಶ್ವೇತಭವನ, ಶಾಸನಸಭೆಯ ಗುಮ್ಮಟ, ಲಿಂಕನ್ನರ ಸ್ಮಾರಕ, ಅದರಾಚೆ ಸಾಲುಗಟ್ಟಿ ನಿಂತ ವಸ್ತುಸಂಗ್ರಹಾಲಯಗಳು. ಎರಡನೆಯ ದಿನ ಮುಗಿಯುವ ವೇಳೆಗೆ ಹಿರಿಯರ ಮೊಣಕಾಲು ಹಿಡಿದಿರುತ್ತದೆ, ಮಕ್ಕಳು ಹಟ ಹೂಡಿರುತ್ತಾರೆ, ಇಬ್ಬರ ನಡುವೆ ಸಿಕ್ಕಿದ ಮನೆಯ ಯಜಮಾನನಿಗೆ ಯಾವ ದೇಶದ ರಾಜಧಾನಿಯೂ ಬೇಡವೆನ್ನಿಸಿರುತ್ತದೆ. ಅದೇ ನಗರದ ಜಾರ್ಜ್‌ಟೌನ್ ಎಂಬ ಹಳೆಯ ಬಡಾವಣೆಯಲ್ಲಿ, ಅಂಗಡಿಗಳ ಬೀದಿಯಿಂದ ನದಿಯ ಕಡೆಗೆ ಕೊಂಚ ಇಳಿದರೆ, ಕಲ್ಲುಗೋಡೆಗಳ ನಡುವೆ ಒಂದು ಕಿರಿದಾದ ಕಾಲುವೆ ಎದುರಾಗುತ್ತದೆ. ಅದರ ಮಗ್ಗುಲಲ್ಲಿ ಒಂದು ಹಾದಿ. ಈ ಕಾಲುವೆ, ಈ ಹಾದಿ ಎರಡೂ ಜೊತೆಬಿಡದೆ ಪೊಟೋಮ್ಯಾಕ್ ನದಿಯ ಎಡದಂಡೆಯನ್ನು ಹಿಡಿದು ವಾಯವ್ಯಕ್ಕೆ ಸಾಗಿ, ಮೇರಿಲ್ಯಾಂಡ್ ಸಂಸ್ಥಾನದ ಬೆಟ್ಟಗಳ ನಡುವೆ ಕಂಬರ್ಲೆಂಡ್ ಎಂಬ ಊರನ್ನು ಮುಟ್ಟುತ್ತವೆ. ಒಟ್ಟು ದೂರ ೧೮೪.೫ ಮೈಲಿ. ಚೆಸಪೀಕ್ ಅಂಡ್ ಓಹಾಯೋ ಕಾಲುವೆ ಎಂದು ಇದರ ಹೆಸರು. ೧೯೭೧ರಿಂದ ಇದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಉದ್ಯಾನ.

ಮೇರಿಲ್ಯಾಂಡ್, ವರ್ಜೀನಿಯಾಗಳಲ್ಲಿ ಕನ್ನಡಿಗರ ಸಂಸಾರಗಳು ಈಗ ಕಡಮೆಯಿಲ್ಲ. ಮಗನನ್ನೋ ಮಗಳನ್ನೋ ನೋಡಲೆಂದು ಬೆಂಗಳೂರಿನಿಂದ, ಮೈಸೂರಿನಿಂದ, ಧಾರವಾಡದಿಂದ ಕೆಲವು ತಿಂಗಳ ಮಟ್ಟಿಗೆ ಬರುವ ತಾಯ್ತಂದೆಗಳು ವಾರವೆಲ್ಲ ಕಿಟಕಿಯ ಬಳಿ ಕುಳಿತು ಭಾನುವಾರವನ್ನು ಕಾಯುತ್ತಾರೆ. ಭಾನುವಾರ ಬಂದಾಗ ಅವರನ್ನು ಕರೆದೊಯ್ಯುವುದು ಮತ್ತೊಂದು ಕಟ್ಟಡಕ್ಕೆ, ಇಲ್ಲವೆ ಮತ್ತೊಂದು ಅಂಗಡಿಗೆ. ಅಜ್ಜ ಅಜ್ಜಿ, ಗಂಡ ಹೆಂಡತಿ, ಮೊಮ್ಮಕ್ಕಳು ಒಂದೇ ನಡಿಗೆಯಲ್ಲಿ ಹೋಗಬಹುದಾದ ಸ್ಥಳಗಳು ಆ ದೇಶದಲ್ಲಿ ಅಪರೂಪ. ಈ ಕಾಲುವೆಯ ದಡ ಅಂಥದೊಂದು ಸ್ಥಳ. ಕಾರಣ ಸರಳವಾದುದು: ಆ ಹಾದಿಯನ್ನು ಮನುಷ್ಯರ ಸಲುವಾಗಿ ಮಾಡಿದುದಲ್ಲ, ಭಾರವಾದ ದೋಣಿಗಳನ್ನು ಎಳೆಯುವ ಹೇಸರಗತ್ತೆಗಳ ಸಲುವಾಗಿ ಮಾಡಿದುದು. ಅವುಗಳಿಗೆ ಏರು ಆಗದು, ತಗ್ಗು ಆಗದು, ಓಟ ಮೊದಲೇ ಆಗದು. ಹೀಗಾಗಿ ಮೈಲಿಗಟ್ಟಲೆ ಹಾದಿ ಅಂಗಳದಂತೆ ಸಮನಾಗಿದೆ. ಮೇಲೆ ಮರಗಳ ನೆರಳು, ಒಂದು ಕಡೆ ನಿಂತ ನೀರು, ಇನ್ನೊಂದು ಕಡೆ ಹರಿಯುವ ನದಿ.

ಕಾಲುವೆ ಎಂದೊಡನೆ ಕನ್ನಡ ನಾಡಿನವರ ಮನಸ್ಸಿಗೆ ಬರುವುದು ಗದ್ದೆ, ಕಬ್ಬಿನ ತೋಟ, ನೀರುಗಂಟಿ. ಈ ಕಾಲುವೆಯ ನೀರು ಬೆಳೆಗಾಗಿ ತಂದುದಲ್ಲ. ಬೆಟ್ಟದ ಕಲ್ಲಿದ್ದಲನ್ನು ಸಮುದ್ರದ ಮಗ್ಗುಲಿನ ಪಟ್ಟಣಗಳಿಗೆ ತೇಲಿಸಿಕೊಂಡು ಬರಲು ತಂದುದು. ಪೊಟೋಮ್ಯಾಕ್ ನದಿಯಲ್ಲಿಯೇ ದೋಣಿ ನಡೆಸಬಹುದಲ್ಲವೆ ಎಂದರೆ, ಆ ನದಿಯ ತುಂಬ ಬಂಡೆಗಳು, ಜಲಪಾತಗಳು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಮಳೆ ಬಂದರೆ ಮನೆಮುಳುಗುವ ಪ್ರವಾಹ. ಜಾರ್ಜ್ ವಾಷಿಂಗ್ಟನ್ನರೇ ೧೭೮೫ರಲ್ಲಿ ಒಂದು ಕಂಪನಿಯ ಅಧ್ಯಕ್ಷರಾಗಿ ಈ ಜಲಪಾತಗಳನ್ನು ಬಳಸಿಹೋಗುವ ತುಂಡು ಕಾಲುವೆಗಳನ್ನು ತೋಡಿಸಲು ತೊಡಗಿದ್ದರು. ಅಪಲೇಚಿಯನ್ ಬೆಟ್ಟಗಳನ್ನು ದಾಟಿ ಪಶ್ಚಿಮದ ಓಹಾಯೋ ನದಿಯವರೆಗೆ ಒಂದೇ ಜಲಮಾರ್ಗವಾಗಬೇಕೆಂಬುದು ಆ ತಲೆಮಾರಿನವರ ಕನಸು.

ಆ ಕನಸಿಗೆ ಮುಹೂರ್ತವಾದದ್ದು ೧೮೨೮ರ ಜುಲೈ ೪ರಂದು. ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿಪೂಜೆಗೆ ಬಂದರು. ಸಲಿಕೆ ಹಾಕಿದ ಕಡೆ ಮರದ ಬೇರು ಅಡ್ಡ ಸಿಕ್ಕಿತು. ಮತ್ತೆ ಹಾಕಿದರು, ಮತ್ತೆ ಬೇರು. ಮಾತಿನಲ್ಲಿಯೂ ನಡೆಯಲ್ಲಿಯೂ ಬಹಳ ಬಿಗಿಯಾದ ಆ ಮನುಷ್ಯ ಕೊನೆಗೆ ಕೋಟನ್ನು ಕಳಚಿ ಬದಿಗಿಟ್ಟು ಬಲವಾಗಿ ತೋಡಿದಾಗ ನೆರೆದ ಜನ ಹರ್ಷಧ್ವನಿ ಮಾಡಿತಂತೆ. ಶಕುನ ನೋಡುವವರು ಅಂದು ಅಲ್ಲಿದ್ದರೆ ಮನೆಗೆ ಹಿಂತಿರುಗುತ್ತಿದ್ದರೋ ಏನೋ. ಏಕೆಂದರೆ ಅದೇ ದಿನ, ನಲವತ್ತು ಮೈಲಿಯೊಳಗಿನ ಬಾಲ್ಟಿಮೋರ್ ನಗರದಲ್ಲಿ ಬಾಲ್ಟಿಮೋರ್ ಅಂಡ್ ಓಹಾಯೋ ರೈಲುಮಾರ್ಗಕ್ಕೂ ಶಂಕುಸ್ಥಾಪನೆಯಾಯಿತು. ನೀರು, ಹಬೆ ಎರಡೂ ಒಂದೇ ಗುರಿಗಾಗಿ ಒಂದೇ ದಿನ ಹೊರಟವು. ರೈಲು ೧೮೪೨ರಲ್ಲಿ ಕಂಬರ್ಲೆಂಡನ್ನು ತಲುಪಿತು. ಕಾಲುವೆ ತಲುಪಿದ್ದು ೧೮೫೦ರಲ್ಲಿ, ಅಲ್ಲಿಗೇ ನಿಂತಿತು. ಓಹಾಯೋ ಅದರ ಹೆಸರಿನಲ್ಲಿ ಮಾತ್ರ ಉಳಿಯಿತು.

ನೀರಿನ ಮೆಟ್ಟಿಲುಗಳು

ಮಕ್ಕಳೊಡನೆ ಮೊದಲ ಸಲ ಬರುವವರು ನೇರವಾಗಿ ಗ್ರೇಟ್ ಫಾಲ್ಸ್ ಎಂಬ ಸ್ಥಳಕ್ಕೆ ಹೋಗುವುದು ಲೇಸು. ಜಾರ್ಜ್‌ಟೌನಿನಿಂದ ಹದಿನಾಲ್ಕು ಮೈಲಿ. ಮೋಟಾರಿನಲ್ಲಿ ಬಂದವರಿಗೆ ಪ್ರವೇಶದ ಶುಲ್ಕವುಂಟು. ಕಾಲುವೆಯಷ್ಟೇ ವಯಸ್ಸಾದ ಒಂದು ಬಿಳಿಯ ಛತ್ರ ದಡದಲ್ಲಿ ನಿಂತಿದೆ. ಲಾಕ್ ಕಾಯುವವನ ಪುಟ್ಟ ಮನೆಯಾಗಿ ೧೮೨೮ರಲ್ಲಿ ಹುಟ್ಟಿ, ಪ್ರಯಾಣಿಕರ ಒತ್ತಡದಿಂದ ಎರಡು ಮೂರು ವರ್ಷಗಳಲ್ಲಿಯೇ ವಸತಿಗೃಹವಾಗಿ ಬೆಳೆದುದು. ಅದರ ಎದುರಿಗೇ ಇಪ್ಪತ್ತನೆಯ ಲಾಕ್.

ಲಾಕ್ ಎಂದರೆ ಇಲ್ಲಿ ಬೀಗವಲ್ಲ, ನೀರಿನ ಮೆಟ್ಟಿಲು. ಜಾರ್ಜ್‌ಟೌನಿನಿಂದ ಕಂಬರ್ಲೆಂಡಿಗೆ ನೆಲ ೬೦೫ ಅಡಿ ಏರುತ್ತದೆ. ದೋಣಿಗೆ ಏರಲು ಕಾಲಿಲ್ಲ. ಆದ್ದರಿಂದ ದಾರಿಯುದ್ದಕ್ಕೂ ಎಪ್ಪತ್ತನಾಲ್ಕು ಕಲ್ಲಿನ ತೊಟ್ಟಿಗಳನ್ನು ಕಟ್ಟಿದರು. ಒಂದೊಂದು ನೂರಡಿ ಉದ್ದ, ಹದಿನೈದಡಿ ಅಗಲ. ಎರಡು ತುದಿಗೂ ಮರದ ಜೋಡಿಬಾಗಿಲು. ಮೇಲಕ್ಕೆ ಹೋಗುವ ದೋಣಿ ಕೆಳಗಿನ ಬಾಗಿಲಿನಿಂದ ಒಳಹೊಕ್ಕೊಡನೆ ಅದನ್ನು ಮುಚ್ಚುತ್ತಾರೆ. ಮೇಲಿನ ಬಾಗಿಲಿನ ಅಡಿಯಲ್ಲಿರುವ ತೂಬುಗಳನ್ನು ಕಬ್ಬಿಣದ ಕೀಲಿಯಿಂದ ತಿರುಗಿಸಿದರೆ ನೀರು ಒಳನುಗ್ಗಿ ತೊಟ್ಟಿ ತುಂಬುತ್ತದೆ. ನೀರಿನೊಡನೆ ದೋಣಿಯೂ ಸುಮಾರು ಎಂಟಡಿ ಮೇಲೇಳುತ್ತದೆ. ಎರಡು ಕಡೆಯ ನೀರು ಸಮನಾದಾಗ ಮೇಲಿನ ಬಾಗಿಲು ತಾನಾಗಿ ಸಡಿಲವಾಗುತ್ತದೆ. ದೋಣಿ ಮುಂದಕ್ಕೆ ಹೊರಡುತ್ತದೆ. ಬಾಗಿಲ ಎರಡು ಕದಗಳು ನೇರವಾಗಿ ಕೂಡದೆ ಮೇಲ್ನೀರಿನ ಕಡೆಗೆ ಮೊನೆಮಾಡಿಕೊಂಡು ಕೂಡುತ್ತವೆ. ನೀರು ಎಷ್ಟು ಒತ್ತಿದರೆ ಅಷ್ಟು ಬಿಗಿ. ಯಂತ್ರವಿಲ್ಲ, ಹಬೆಯಿಲ್ಲ, ಮನುಷ್ಯನ ಭುಜ, ನೀರಿನ ಭಾರ ಇವೆರಡೇ ಸಾಕು. ಪುಸ್ತಕದಲ್ಲಿ ಓದಿದರೆ ಅರ್ಥವಾಗದ ಈ ವಿದ್ಯೆ ತೊಟ್ಟಿಯ ಅಂಚಿನಲ್ಲಿ ಹತ್ತು ನಿಮಿಷ ನಿಂತ ಏಳು ವರ್ಷದ ಹುಡುಗನಿಗೆ ತಿಳಿಯುತ್ತದೆ. ಉದ್ಯಾನದವರು ಹಳೆಯ ಮಾದರಿಯ ದೋಣಿಯನ್ನು ನಡೆಸುವ ಋತುವಿನಲ್ಲಿ ಬಂದರೆ ಅದೃಷ್ಟ. ದೋಣಿ ಎಂದು ನಡೆಯುತ್ತದೆ, ಎಂದು ನಡೆಯುವುದಿಲ್ಲ ಎಂಬುದನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೊರಡಬೇಕು. ಪ್ರವಾಹ, ದುರಸ್ತಿ ಎರಡೂ ಈ ಕಾಲುವೆಗೆ ಹುಟ್ಟಿನಿಂದ ಅಂಟಿಬಂದ ನೆಂಟರು.

ಹಿಂದಿನ ಸರಕುದೋಣಿಗಳು ತೊಂಬತ್ತೆರಡು ಅಡಿ ಉದ್ದ, ಹದಿನಾಲ್ಕೂವರೆ ಅಡಿ ಅಗಲ ಇರುತ್ತಿದ್ದವು. ಹದಿನೈದಡಿಯ ತೊಟ್ಟಿಯಲ್ಲಿ ಇಕ್ಕೆಲಕ್ಕೂ ಉಳಿಯುವುದು ಮೂರು ಮೂರು ಅಂಗುಲ. ನೂರಿಪ್ಪತ್ತು ಟನ್ ಕಲ್ಲಿದ್ದಲು ಹೊತ್ತ ದೋಣಿಯನ್ನು, ಕತ್ತಲಲ್ಲಿಯೂ, ಆ ಮೂರು ಅಂಗುಲದ ನಡುವೆ ತೂರಿಸಬೇಕಾಗಿತ್ತು. ಮಕ್ಕಳ ಕೈಗೆ ಒಂದು ಅಳತೆಪಟ್ಟಿ ಕೊಟ್ಟು ತೊಟ್ಟಿಯ ಬದಿಯ ಕಲ್ಲಿನ ಮೇಲೆ ಆ ಮೂರು ಅಂಗುಲವನ್ನು ತೋರಿಸಿದರೆ ಅವರು ಮರೆಯುವುದಿಲ್ಲ.

ಛತ್ರದಿಂದ ಕೆಳದಾರಿಯಲ್ಲಿ ಸ್ವಲ್ಪ ದೂರ ನಡೆದರೆ ಬಲಗಡೆಗೆ ಮರದ ಸೇತುವೆಗಳ ಒಂದು ಕಾಲುದಾರಿ ಓಲ್ಮ್‌ಸ್ಟೆಡ್ ದ್ವೀಪವನ್ನು ದಾಟಿಸಿ ಜಲಪಾತದ ಎದುರಿಗೆ ತಂದು ನಿಲ್ಲಿಸುತ್ತದೆ. ಗಾಲಿಕುರ್ಚಿಯೂ ಹೋಗುವಷ್ಟು ಹಸನಾದ ದಾರಿ. ೧೯೭೨ರ ಮಹಾಪ್ರವಾಹ ಈ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು; ಮತ್ತೆ ಕಟ್ಟಿ ತೆರೆಯಲು ಇಪ್ಪತ್ತು ವರ್ಷ ಹಿಡಿಯಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಾಲುವೆ ಎಷ್ಟು ಸಾಧುವೋ ಮಗ್ಗುಲಿನ ನದಿ ಅಷ್ಟೇ ಕ್ರೂರಿ. ಮೇಲೆ ಕನ್ನಡಿಯಂತೆ ನಿಂತು ಅಡಿಯಲ್ಲಿ ಸೆಳೆಯುವ ನೀರು ಅದು. ಬಂಡೆಯ ಮೇಲೆ ಕುಳಿತು ಕಾಲು ತೊಳೆಯಲೆಂದು ಇಳಿದು ಜಾರಿದವರ ಸುದ್ದಿ ಹೆಚ್ಚುಕಡಮೆ ಪ್ರತಿವರ್ಷವೂ ಬರುತ್ತದೆ. ಈಜುವುದನ್ನೂ ನೀರಿಗೆ ಇಳಿಯುವುದನ್ನೂ ಇಲ್ಲಿ ನಿಷೇಧಿಸಿದೆ. ಹೊಳೆ ಕಂಡೊಡನೆ ಪಾದ ನೆನೆಸಿ ತಲೆಗೆ ಪ್ರೋಕ್ಷಿಸಿಕೊಳ್ಳುವ ಅಭ್ಯಾಸವಿರುವ ಹಿರಿಯರಿಗೂ ಈ ನಿಷೇಧವನ್ನು ಮೊದಲೇ ತಿಳಿಸಿರಬೇಕು. ಮಕ್ಕಳ ಕೈ ಬಿಡಬಾರದು. ಬಿಲ್ಲಿ ಗೋಟ್ ಟ್ರೈಲ್ ಎಂದು ಹೆಸರಾದ ಬಂಡೆಗಳ ದಾರಿಯೊಂದು ಸಮೀಪದಲ್ಲಿದೆ. ಹೆಸರೇ ಹೇಳುವಂತೆ ಅದು ಹೋತಗಳಿಗೆ ಹೇಳಿಸಿದ್ದು. ಸೀರೆಯುಟ್ಟವರಿಗೂ ಚಿಕ್ಕ ಮಕ್ಕಳಿಗೂ ಅಲ್ಲ. ಕಾಲೇಜು ಹುಡುಗರು ಬೇಕಾದರೆ ಹೋಗಿಬರಲಿ, ಉಳಿದವರು ಕಾಲುವೆಯ ದಡದಲ್ಲಿ ಬುತ್ತಿ ಬಿಚ್ಚಿ ಕುಳಿತಿರುವುದು ಕ್ಷೇಮ.

ಬುತ್ತಿಯ ಮಾತು ಬಂದದ್ದರಿಂದ ಹೇಳುವುದಾದರೆ, ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಸ್ಥಳ ಸಿಕ್ಕದು. ಆದರೆ ಉಂಡ ಎಲೆಯನ್ನೂ ಕಾಗದವನ್ನೂ ಮನೆಗೇ ಒಯ್ಯಬೇಕು. ಉದ್ಯಾನದಲ್ಲಿ ಕಸದ ತೊಟ್ಟಿ ಹುಡುಕುವುದು ವ್ಯರ್ಥ. ತಂದವರೇ ತೆಗೆದುಕೊಂಡು ಹೋಗಬೇಕೆಂಬುದು ನಿಯಮ.

ದೋಣಿಯ ಮಕ್ಕಳು

ಗ್ರೇಟ್ ಫಾಲ್ಸಿನಲ್ಲಿ ಮಕ್ಕಳಿಗೆ ಒಂದು ಪುಟ್ಟ ಪುಸ್ತಕ ಕೊಡುತ್ತಾರೆ. ಅದರಲ್ಲಿನ ಪ್ರಶ್ನೆಗಳಿಗೆ ನೋಡಿ ನೋಡಿ ಉತ್ತರ ಬರೆದು ತಂದರೆ, ಉದ್ಯಾನದ ಅಧಿಕಾರಿ ಬಲಗೈ ಎತ್ತಿಸಿ ಪ್ರತಿಜ್ಞೆ ಮಾಡಿಸಿ 'ಜೂನಿಯರ್ ರೇಂಜರ್' ಎಂಬ ಬಿಲ್ಲೆ ಕೊಡುತ್ತಾನೆ. ಆ ಬಿಲ್ಲೆಯ ಮೇಲಿನ ಆಸೆ ಮಕ್ಕಳನ್ನು ಎಷ್ಟು ದೂರವಾದರೂ ನಡೆಸುತ್ತದೆ. ಹಾಗೆ ನಡೆಯುವಾಗ ಅವರಿಗೆ ಹೇಳಬೇಕಾದ ಕಥೆ ಬೇರೊಂದಿದೆ. ಅದು ಅಧ್ಯಕ್ಷರ ಕಥೆಯಲ್ಲ, ಅವರದೇ ವಯಸ್ಸಿನ ಮಕ್ಕಳ ಕಥೆ.

ಕಾಲುವೆಯ ದೋಣಿ ಎಂದರೆ ಒಂದು ಸಂಸಾರ. ಹಿಂಭಾಗದಲ್ಲಿ ಹನ್ನೆರಡಡಿ ಚೌಕದ ಕೋಣೆ. ಅದರಲ್ಲಿ ಒಲೆ, ಹಾಸಿಗೆ, ಗಂಡ ಹೆಂಡತಿ, ಇದ್ದಷ್ಟು ಮಕ್ಕಳು. ಮುಂಭಾಗದಲ್ಲಿ ಹೇಸರಗತ್ತೆಗಳ ಕೊಟ್ಟಿಗೆ. ಎರಡು ಜೊತೆ ಪ್ರಾಣಿಗಳು. ಒಂದು ಜೊತೆ ಆರು ಗಂಟೆ ಎಳೆಯುವಾಗ ಇನ್ನೊಂದು ಜೊತೆ ದೋಣಿಯಲ್ಲಿ ಮೇವು ತಿಂದು ಮಲಗಿರುತ್ತಿತ್ತು. ಗಂಡ ಚುಕ್ಕಾಣಿ ಹಿಡಿಯುವನು, ಹೆಂಡತಿ ಅಡುಗೆ ಬೇಯಿಸುತ್ತ ನಡುನಡುವೆ ತಾನೂ ಚುಕ್ಕಾಣಿಗೆ ಬರುವಳು. ಹೇಸರಗತ್ತೆಗಳ ಹಿಂದೆ ದಡದಲ್ಲಿ ನಡೆಯುವ ಕೆಲಸ ಮಕ್ಕಳದು. ಬಿಸಿಲಿರಲಿ, ಕೆಸರಿರಲಿ, ಗಂಡು ಹೆಣ್ಣೆನ್ನದೆ, ಬಹಳ ಮಟ್ಟಿಗೆ ಬರಿಗಾಲಿನಲ್ಲಿ. ನಡೆಯಲಾರದ ಕೂಸುಗಳನ್ನು ನೀರಿಗೆ ಬೀಳದಂತೆ ಸೊಂಟಕ್ಕೆ ಹಗ್ಗ ಕಟ್ಟಿ ದೋಣಿಯ ಅಟ್ಟಕ್ಕೆ ಬಿಗಿಯುತ್ತಿದ್ದರು. ಅಮೆರಿಕದ ಕಾರ್ಮಿಕ ಇಲಾಖೆಯ ಮಕ್ಕಳ ಬ್ಯೂರೋ ನಡೆಸಿದ ವಿಚಾರಣೆಯ ವರದಿಯೊಂದು ೧೯೨೩ರಲ್ಲಿ ಪ್ರಕಟವಾಯಿತು. ದೋಣಿಗಳು ದಿನಕ್ಕೆ ಹದಿನೈದು ಹದಿನೆಂಟು ಗಂಟೆ ನಡೆಯುತ್ತಿದ್ದುದು, ಶಾಲೆಯೆಂಬುದು ನೀರು ಬಸಿದ ಚಳಿಗಾಲದ ತಿಂಗಳುಗಳಿಗೆ ಮಾತ್ರ ಉಳಿದಿದ್ದುದು ಆ ವರದಿಯಿಂದ ಲೋಕಕ್ಕೆ ತಿಳಿಯಿತು.

ಈ ಮಾತುಗಳನ್ನು ಮಕ್ಕಳಿಗೆ ಉಪದೇಶವಾಗಿ ಹೇಳುವುದು ಬೇಡ. ನಡೆಯುತ್ತಿರುವ ಹಾದಿಯ ಮೇಲೆ ನಿಲ್ಲಿಸಿ, ಇಲ್ಲಿಯೇ ಅವರು ನಡೆದರು ಎಂದರೆ ಸಾಕು. ಕಾಲು ನೋಯುತ್ತದೆ ಎಂದು ಹತ್ತು ನಿಮಿಷದ ಹಿಂದೆ ಅತ್ತ ಹುಡುಗಿ ಒಂದು ಕ್ಷಣ ಸುಮ್ಮನಾಗಿ, ಆ ಮಕ್ಕಳಿಗೆ ಚಪ್ಪಲಿ ಏಕಿರಲಿಲ್ಲ ಎಂದು ಕೇಳುತ್ತಾಳೆ. ಉತ್ತರ ಹೇಳುವುದು ತಂದೆಗೆ ಕಷ್ಟವಾಗಬಹುದು. ಅಜ್ಜನಿಗೆ ಕಷ್ಟವಾಗಲಾರದು, ಮೈಲಿಗಟ್ಟಲೆ ಬರಿಗಾಲಿನಲ್ಲಿ ನಡೆದು ಶಾಲೆ ಸೇರಿದ ಅಜ್ಜಂದಿರು ಕನ್ನಡ ನಾಡಿನಲ್ಲಿ ಇನ್ನೂ ಇದ್ದಾರೆ. ಮೊಮ್ಮಕ್ಕಳಿಗೆ ತಮ್ಮ ಬಾಲ್ಯವನ್ನು ಹೇಳಲು ಆ ಹಿರಿಯರಿಗೆ ಪರದೇಶದಲ್ಲಿ ಇಂಥ ಸಂದರ್ಭ ಬೇರೆಲ್ಲಿ ಒದಗೀತು?

ಕಾಲುವೆಯನ್ನು ತೋಡಿದವರ ಕಥೆಯೂ ಸುಖದ್ದಲ್ಲ. ಐರ್ಲೆಂಡಿನಿಂದ ಹಡಗು ತುಂಬಿ ತಂದ ಕೂಲಿಗಳೇ ಅವರಲ್ಲಿ ಹೆಚ್ಚು. ೧೮೩೨ರಲ್ಲಿ ಕಾಲರಾ ಅವರ ಗುಡಿಸಲುಗಳಿಗೆ ನುಗ್ಗಿತು. ೧೮೩೪ರಲ್ಲಿ ಕೂಲಿಗಳ ಗುಂಪುಗಳು ಹೊಡೆದಾಡಿಕೊಂಡಾಗ ಅಧ್ಯಕ್ಷ ಜಾಕ್ಸನ್ ಸೈನ್ಯವನ್ನೇ ಕಳುಹಿಸಿದರು. ಹೆಸರಿಲ್ಲದ ಗೋರಿಗಳ ಮೇಲೆ ಮರ ಬೆಳೆದು ಈಗ ನೆರಳು ಕೊಡುತ್ತಿವೆ.

ಇನ್ನು ಲಾಕ್ ಕಾಯುವವನ ಬಾಳು. ಮೊದಲ ಕಾಲದಲ್ಲಿ ವರ್ಷಕ್ಕೆ ನೂರೈವತ್ತು ಡಾಲರ್ ಸಂಬಳ, ವಾಸಕ್ಕೆ ಮನೆ, ಸೊಪ್ಪು ತರಕಾರಿಗೆ ತುಂಡು ನೆಲ. ಹಗಲಿರುಳೆನ್ನದೆ ಕೊಂಬಿನ ಕೂಗು ಕೇಳಿದೊಡನೆ ಎದ್ದು ಬಾಗಿಲು ತೆರೆಯಬೇಕು. ದೊಡ್ಡ ಸಂಸಾರವಿದ್ದವನಿಗೇ ಕಂಪನಿಯ ಒಲವು. ಒಂದು ಸಂಬಳಕ್ಕೆ ಹಲವು ಕೈಗಳು ಸಿಕ್ಕುತ್ತಿದ್ದವಲ್ಲ! ಆ ಮನೆಗಳು ಹಲವು ಇನ್ನೂ ನಿಂತಿವೆ. ಅವುಗಳಲ್ಲಿ ಕೆಲವನ್ನು ಹಸನುಮಾಡಿ ಸಂಸಾರಗಳಿಗೆ ರಾತ್ರಿಯ ವಸತಿಗಾಗಿ ಬಾಡಿಗೆಗೆ ಕೊಡುವ ವ್ಯವಸ್ಥೆಯನ್ನು ಸಿ ಅಂಡ್ ಓ ಕೆನಾಲ್ ಟ್ರಸ್ಟ್ ನಡೆಸುತ್ತಿದೆ. ಒಂದೊಂದು ಮನೆಗೂ ಒಂದೊಂದು ಕಾಲದ ಸಜ್ಜು. ನಗರಕ್ಕೆ ಹತ್ತಿರದ ಆರನೆಯ ಲಾಕಿನ ಮನೆಯಲ್ಲಿ ೧೯೫೦ರ ದಶಕದ ಕುರ್ಚಿ ಮೇಜುಗಳು, ವಿದ್ಯುದ್ದೀಪ, ಸ್ನಾನದ ಕೊಠಡಿ ಎಲ್ಲವೂ ಉಂಟು. ಪೆನಿಫೀಲ್ಡ್ ಎಂಬಲ್ಲಿನ ಇಪ್ಪತ್ತೆರಡನೆಯ ಲಾಕಿನ ಮನೆಯಲ್ಲಿ ದೀಪವಿಲ್ಲ, ನಲ್ಲಿಯಿಲ್ಲ. ಕಲ್ಲಿನ ಗೋಡೆ, ಮೋಂಬತ್ತಿ, ಹೊರಗೆ ಕಪ್ಪೆಗಳ ಕೂಗು. ದೂರದರ್ಶನದ ಎದುರಿನಿಂದ ಏಳದ ಮಕ್ಕಳನ್ನು ಕರೆದೊಯ್ಯಬೇಕಾದದ್ದು ಎರಡನೆಯದಕ್ಕೆ. ಬೆಳಗ್ಗೆ ಎದ್ದು ಬಾಗಿಲು ತೆರೆದರೆ ನೀಲಿಗಪ್ಪು ಬಣ್ಣದ ದೊಡ್ಡ ಬಕಪಕ್ಷಿ ಒಂಟಿಗಾಲಿನಲ್ಲಿ ನಿಂತಿರುತ್ತದೆ. ತೇಲುವ ದಿಮ್ಮಿಯ ಮೇಲೆ ಆಮೆಗಳು ಬಿಸಿಲಿಗೆ ಕತ್ತು ಚಾಚಿ ಸಾಲಾಗಿ ಕುಳಿತಿರುತ್ತವೆ. ಆಮೆಗಳನ್ನು ಎಣಿಸುವ ಆಟಕ್ಕೆ ಮನಸೋಲದ ಮಗು ಇಲ್ಲ.

ಹುಡುಗರಿಗೆ ಹನ್ನೆರಡು ದಾಟಿದ್ದರೆ ಸೈಕಲ್ಲು ಒಳ್ಳೆಯದು. ಹಾದಿಯುದ್ದಕ್ಕೂ ಮೈಲಿಗಂಬಗಳಿವೆ, ಮಣ್ಣು, ನುರುಜುಗಲ್ಲಿನ ನೆಲ, ಮೋಟಾರಿನ ಭಯವಿಲ್ಲ. ಕೆಲವು ಮೈಲಿಗೊಂದರಂತೆ ಡೇರೆ ಹಾಕಲು ಸ್ಥಳ, ಕೈಪಂಪು, ಶೌಚದ ಗೂಡು ಇವೆ. ಚಳಿಗಾಲದಲ್ಲಿ ಪಂಪಿನ ಹಿಡಿಕೆ ತೆಗೆದಿರುತ್ತಾರೆ, ಅದನ್ನು ನಂಬಿ ಹೊರಡಬಾರದು. ಮೊದಲ ದಿನವೇ ಮೂವತ್ತು ಮೈಲಿಯ ಪಂತ ಕಟ್ಟುವುದು ಅವಿವೇಕ. ಹೋದಷ್ಟೇ ದೂರ ಹಿಂತಿರುಗಬೇಕೆಂಬುದು ಉತ್ಸಾಹದ ಭರದಲ್ಲಿ ಎಲ್ಲರಿಗೂ ಮರೆಯುತ್ತದೆ. ಏಪ್ರಿಲ್ ತಿಂಗಳಲ್ಲಿ ದಡವೆಲ್ಲ ನೀಲಿ ಗಂಟೆಹೂಗಳಿಂದ ತುಂಬಿರುತ್ತದೆ. ಅಕ್ಟೋಬರಿನಲ್ಲಿ ಮರಗಳು ಹೊಂಬಣ್ಣ ಕೆಂಬಣ್ಣಕ್ಕೆ ತಿರುಗುತ್ತವೆ. ಜುಲೈ ಆಗಸ್ಟುಗಳ ಸೆಕೆಗೂ ಸೊಳ್ಳೆಗೂ ಮಂಗಳೂರಿನವರು ಮಾತ್ರ ಅಂಜಲಾರರು. ಹುಲ್ಲಿನಲ್ಲಿ ಕುಳಿತೆದ್ದವರು ಮನೆಗೆ ಬಂದ ಮೇಲೆ ಮೈಮೇಲೆ ಉಣ್ಣೆ ಹತ್ತಿದೆಯೇ ಎಂದು ನೋಡಿಕೊಳ್ಳಬೇಕು. ಅಲ್ಲಿನ ಉಣ್ಣೆ ಜ್ವರ ತರುವಂಥದು, ಉದಾಸೀನ ಸಲ್ಲದು.

ಬೆಟ್ಟದೊಳಗಿನ ದಾರಿ

ಒಂದು ದಿನದ ಮಟ್ಟಿಗೆ ದೂರ ಹೋಗಬಲ್ಲವರು ನೋಡಬೇಕಾದವು ಮುಖ್ಯವಾಗಿ ಮೂರು. ಮೊನೊಕಸಿ ಎಂಬ ಉಪನದಿಯ ಮೇಲೆ ಕಾಲುವೆಯನ್ನು ದಾಟಿಸಲು ೧೮೨೯ರಿಂದ ೧೮೩೩ರವರೆಗೆ ಕಟ್ಟಿದ ಮೇಲ್ಗಾಲುವೆ ಏಳು ಕಮಾನುಗಳದು, ೫೧೬ ಅಡಿ ಉದ್ದದ್ದು. ನದಿಯ ಮೇಲೆ ಸೇತುವೆ, ಸೇತುವೆಯ ಮೇಲೆ ಮತ್ತೆ ನೀರು! ೧೮೬೨ರ ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದ ಸೈನ್ಯ ಇದನ್ನು ಒಡೆಯಲು ಬಂದು ಒಡೆಯಲಾರದೆ ಹೋಯಿತು. ವಿಲಿಯಮ್ಸ್‌ಪೋರ್ಟ್ ಎಂಬ ಊರಿನ ಮೇಲ್ಗಾಲುವೆಯ ಅದೃಷ್ಟ ಅಷ್ಟು ಗಟ್ಟಿಯಲ್ಲ. ೧೯೨೦ರಲ್ಲಿ ಅದರ ಗೋಡೆ ಕುಸಿದು ದೋಣಿಯೊಂದು ನೀರಿನೊಡನೆ ಕೆಳಗಿನ ಹೊಳೆಗೆ ಬಿದ್ದಿತು. ೨೦೧೯ರಲ್ಲಿ ಅದನ್ನು ದುರಸ್ತಿ ಮಾಡಿ ಮತ್ತೆ ನೀರು ಹಾಯಿಸಿದ್ದಾರೆ. ಲಾಕ್, ಕಾವಲುಮನೆ, ಗೋದಾಮು, ದೋಣಿ ತಿರುಗಿಸುವ ಕೊಳ, ರೈಲಿಗಾಗಿ ಮೇಲೆತ್ತುವ ಸೇತುವೆ ಇವೆಲ್ಲವೂ ನಡೆದಾಡುವಷ್ಟು ದೂರದಲ್ಲಿಯೇ ಇರುವುದರಿಂದ ಮುದುಕರೂ ಕೂಸುಗಳೂ ಇರುವ ಸಂಸಾರಕ್ಕೆ ಗ್ರೇಟ್ ಫಾಲ್ಸಿಗಿಂತ ಈ ಊರೇ ಮೇಲೆಂದು ಹೇಳಿದರೆ ತಪ್ಪಾಗಲಾರದು. ನೂಕುನುಗ್ಗಲೂ ಕಡಮೆ.

ಮೂರನೆಯದು ಪಾಪಾ ಸುರಂಗ. ಹೆಸರನ್ನು ಕೇಳಿ ಪರಂಗಿ ಹಣ್ಣೆಂದು ತಿಳಿಯಬಾರದು. ಆ ಕಾಡಿನಲ್ಲಿ ಬೆಳೆಯುವ ಈ ಪಾಪಾ ಸೀತಾಫಲದ ಕುಲಕ್ಕೆ ಸೇರಿದ ಹಣ್ಣು, ತಿರುಳೂ ಸುಮಾರಾಗಿ ಹಾಗೆಯೇ ಮೆತ್ತಗೆ. ನದಿ ಇಲ್ಲಿ ಹಾವಿನಂತೆ ಹೊರಳಿ ಮೈಲಿಗಟ್ಟಲೆ ಸುತ್ತುತ್ತದೆ. ಆ ಸುತ್ತನ್ನು ತಪ್ಪಿಸಲು ಬೆಟ್ಟವನ್ನೇ ಕೊರೆಯಲು ೧೮೩೬ರಲ್ಲಿ ಪ್ರಾರಂಭಿಸಿದರು. ಎರಡು ವರ್ಷದ ಕೆಲಸವೆಂದು ಎಣಿಸಿದ್ದು ಹದಿನಾಲ್ಕು ವರ್ಷಕ್ಕೆ ಮುಗಿಯಿತು. ಹಣವಿಲ್ಲದೆ ನಡುವೆ ಹಲವು ವರ್ಷ ನಿಂತಿತು, ಕೂಲಿ ಸಿಕ್ಕದ ಕೆಲಸಗಾರರು ದಂಗೆಯೆದ್ದರು, ಗುತ್ತಿಗೆದಾರ ದಿವಾಳಿಯಾದ. ಸುರಂಗದ ಉದ್ದ ೩,೧೧೮ ಅಡಿ. ಒಳಗೆ ಹೊದಿಸಿದ ಇಟ್ಟಿಗೆಗಳ ಸಂಖ್ಯೆ ಅರವತ್ತು ಲಕ್ಷಕ್ಕೂ ಮಿಗಿಲು. ಕಾಲುವೆಯೂ ಅದರ ಮಗ್ಗುಲಿನ ಕಿರುಹಾದಿಯೂ ಜೊತೆಯಾಗಿ ಒಳಹೊಗುತ್ತವೆ. ನಡುಮಧ್ಯೆ ನಿಂತು ಕೈದೀಪವನ್ನು ಆರಿಸಿದರೆ ಎರಡು ತುದಿಗಳಲ್ಲಿ ಎರಡು ಚುಕ್ಕೆಗಳಷ್ಟು ಬೆಳಕು. ತಲೆಯ ಮೇಲಿನಿಂದ ತೊಟ್ಟಿಕ್ಕುವ ನೀರಿನ ಸದ್ದು. ಬದಿಯ ಮರದ ಕಟಾಂಜನದ ಮೇಲೆ, ಹೇಸರಗತ್ತೆಗಳನ್ನು ಕಟ್ಟಿದ ಹಗ್ಗಗಳು ತೀಡಿ ತೀಡಿ ಕೊರೆದ ಗೀರುಗಳು ಬೆರಳಿಗೆ ಸಿಕ್ಕುತ್ತವೆ. ಎದುರುಬದುರಾದ ಎರಡು ದೋಣಿಯವರು ಹಿಂದೆ ಸರಿಯಲು ಒಪ್ಪದೆ ದಿನಗಟ್ಟಲೆ ಒಳಗೇ ಕುಳಿತರೆಂದೂ, ಕಂಪನಿಯವರು ಹಸಿ ಜೋಳದ ದಂಟಿಗೆ ಬೆಂಕಿ ಹಾಕಿ ಹೊಗೆಯಿಂದ ಅವರನ್ನು ಹೊರಡಿಸಿದರೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ನಿಜವಿರಲಿ ಸುಳ್ಳಿರಲಿ, ಸುರಂಗದ ನಡುವೆ ಹೇಳಲು ಇದಕ್ಕಿಂತ ತಕ್ಕ ಕಥೆ ಇಲ್ಲ. ಬಂಡೆ ಉರುಳುವ ಭಯದಿಂದ ಸುರಂಗವನ್ನು ಆಗಾಗ ಮುಚ್ಚುವುದುಂಟು. ಇದನ್ನೂ ಮೊದಲೇ ವಿಚಾರಿಸಬೇಕು.

೧೮೮೯ರ ಪ್ರವಾಹ ಕಾಲುವೆಯ ಕಂಪನಿಯನ್ನು ಮುರಿಯಿತು. ಅದರ ಆಡಳಿತ ಕೊನೆಗೆ ಎದುರಾಳಿಯಾದ ರೈಲು ಕಂಪನಿಯ ಕೈಗೇ ಹೋಯಿತು. ೧೯೨೪ರ ಪ್ರವಾಹ ಕಾಲುವೆಯನ್ನೇ ನಿಲ್ಲಿಸಿತು. ೧೯೩೮ರಲ್ಲಿ ಸರ್ಕಾರ ಇಪ್ಪತ್ತು ಲಕ್ಷ ಡಾಲರಿಗೆ ಅದನ್ನು ಕೊಂಡಿತು. ಕೆಲಸವಿಲ್ಲದ ಕರಿಯ ತರುಣರ ಎರಡು ಶಿಬಿರಗಳು ಕೆಳಗಿನ ಇಪ್ಪತ್ತೆರಡು ಮೈಲಿಗಳ ಹೂಳೆತ್ತಿ ಲಾಕುಗಳನ್ನು ಸರಿಪಡಿಸಿದವು. ಉಳಿದದ್ದು ಕಾಡುಪಾಲಾಯಿತು. ಆ ಪಾಳು ಕಾಲುವೆಯ ಮೇಲೆ ಮೋಟಾರು ರಸ್ತೆಯೊಂದನ್ನು ಹಾಸಿದರೆ ಜನ ಸುಖವಾಗಿ ನದಿಯನ್ನು ನೋಡಿಕೊಂಡು ಹೋಗಬಹುದೆಂಬ ಯೋಜನೆ ಹುಟ್ಟಿತು. ೧೯೫೪ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಸಂಪಾದಕೀಯ ಬರೆದು ಅದನ್ನು ಅನುಮೋದಿಸಿತು.

ಆಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಲ್ಲೊಬ್ಬರಾದ ವಿಲಿಯಂ ಡಗ್ಲಸ್ ಪತ್ರಿಕೆಗೆ ಒಂದು ಕಾಗದ ಬರೆದರು. ಅವರು ಹಿಮಾಲಯದ ಕಣಿವೆಗಳಲ್ಲಿಯೂ ಅಲೆದು ಗ್ರಂಥ ಬರೆದಿದ್ದ ಮಹಾ ನಡಿಗೆಗಾರರು. ಸಂಪಾದಕೀಯ ಬರೆದವರು ತಮ್ಮೊಡನೆ ಕಂಬರ್ಲೆಂಡಿನಿಂದ ಕಾಲ್ನಡಿಗೆಯಲ್ಲಿ ಬಂದು, ಕಾಲುವೆಯನ್ನು ಕಣ್ಣಾರೆ ನೋಡಿ, ಆ ಬಳಿಕ ಅಭಿಪ್ರಾಯ ಹೇಳಲಿ ಎಂಬುದು ಕಾಗದದ ಸಾರಾಂಶ. ಸಂಪಾದಕರು ಪಂಥವನ್ನು ಒಪ್ಪಿಕೊಂಡರು. ಮಾರ್ಚಿ ೨೦ರಂದು ಹೊರಟ ತಂಡದಲ್ಲಿ ಹಲವರು ನಡುವೆಯೇ ಸೇರಿದರು, ಹಲವರು ನಡುವೆಯೇ ಬಿಟ್ಟರು. ಎಂಟು ದಿನಗಳ ತರುವಾಯ ಪೂರ್ತಿ ನಡೆದು ಮುಗಿಸಿದವರು ಒಂಬತ್ತು ಮಂದಿ. ಐವತ್ತೈದು ವಯಸ್ಸಿನ ನ್ಯಾಯಮೂರ್ತಿಗಳು ಅವರಲ್ಲೊಬ್ಬರು. ಕಾಲು ಬೊಬ್ಬೆಯೆದ್ದ ಸಂಪಾದಕರು ಪತ್ರಿಕೆಯ ನಿಲುವನ್ನು ಬದಲಾಯಿಸಿದರು. ರಸ್ತೆ ಬರಲಿಲ್ಲ. ನ್ಯಾಯಾಲಯದಲ್ಲಿ ಎಷ್ಟೋ ತೀರ್ಪು ಬರೆದ ಆ ಮನುಷ್ಯ ನಡೆದು ಗೆದ್ದ ವ್ಯಾಜ್ಯ ಇದೊಂದೇ ಇದ್ದೀತು. ಹದಿನೇಳು ವರ್ಷಗಳ ನಂತರ ಉದ್ಯಾನದ ಶಾಸನವಾಯಿತು. ೧೯೭೭ರಲ್ಲಿ ಅದನ್ನು ಅವರ ಹೆಸರಿಗೆ ಅರ್ಪಿಸಿದರು.

ಕಂಬರ್ಲೆಂಡಿನಲ್ಲಿ ಕಾಲುವೆ ಮುಗಿಯುವಲ್ಲಿ ಕೊನೆಯ ಮೈಲಿಗಂಬ ನಿಂತಿದೆ. ಅಲ್ಲಿಂದ ಮುಂದಕ್ಕೆ, ಹಳೆಯ ರೈಲುದಾರಿಗಳ ಕಂಬಿಗಳನ್ನು ಕಿತ್ತ ನೆಲದ ಮೇಲೆ, ನೂರೈವತ್ತು ಮೈಲಿಗಳ ಸೈಕಲ್ ಹಾದಿಯೊಂದು ೨೦೧೩ರಲ್ಲಿ ಪೂರ್ತಿಯಾಗಿ ಪಿಟ್ಸ್‌ಬರ್ಗ್ ನಗರವನ್ನು ಮುಟ್ಟಿದೆ. ಎರಡು ನದಿಗಳು ಕೂಡಿ ಓಹಾಯೋ ನದಿ ಹುಟ್ಟುವುದು ಆ ನಗರದಲ್ಲಿ. ಬೇಸಿಗೆಯ ರಜೆಯಲ್ಲಿ ಬೆನ್ನಿಗೆ ಚೀಲ ಕಟ್ಟಿದ ಹುಡುಗ ಹುಡುಗಿಯರು ಜಾರ್ಜ್‌ಟೌನಿನ ದಡದಿಂದ ಹೊರಟು, ದಾರಿಯಲ್ಲಿ ಡೇರೆ ಹಾಕಿ ಮಲಗಿ, ಹೇಸರಗತ್ತೆಗಳ ದೋಣಿ ಎಂದೂ ಕಾಣದ ಆ ನೀರಿನ ಅಂಚಿಗೆ ಸೈಕಲ್ಲಿನ ಮುಂದಿನ ಚಕ್ರವನ್ನು ತಂದು ನಿಲ್ಲಿಸುತ್ತಾರೆ.